ಹದಿನಾಲ್ಕನೆಯ ಪ್ರಶ್ನೆ

ಹೆಣಕ್ಕೆ ಸುತ್ತುವ ತೊಗಟೆಬಟ್ಟೆಯ ಕೊನೆಯ ಮಡಿಕೆಯನ್ನು ಅಕ್ಕನ ಪಾದದ ಮೇಲೆ ಎಳೆದು ಬಿಗಿಯುತ್ತಿದ್ದಾಗ ಕಂಪಾಲಾದ ಬಸ್ಸು ಅಂಗಳಕ್ಕೆ ಬಂತು. ತೊಪಿಸ್ತಾ ತಲೆ ಎತ್ತಲಿಲ್ಲ. ಎಪ್ಪತ್ತಾರರ ಕೈಗಳಿಗೆ ಗಂಟು ಹಾಕಲು ಹೊತ್ತು ಹಿಡಿಯುತ್ತಿತ್ತು.

ಬಸ್ಸಿನಿಂದ ಇಳಿದವರು ವಿಶ್ವವಿದ್ಯಾಲಯದವರು. ತೀರಿಕೊಂಡ ಅಕ್ಕ, ಪ್ರೊಫೆಸರ್ ಪೆಲಾಜಿಯಾ ನಾಲ್ವೋಗ ಅವರ ಶಿಷ್ಯೆ ಡಾಕ್ಟರ್ ನಬ್ಬೊಸ ನೆಟ್ಟಗೆ ಒಳಗೆ ಬಂದು ತೊಪಿಸ್ತಾಳ ಮುಂದೆ ಮಂಡಿಯೂರಿದಳು.

"ಅಜ್ಜಿ, ಮಣ್ಣು ಮಾಡೋ ಮುಂಚೆ ನೀವೂ ಎರಡು ಮಾತಾಡ್ಬೇಕು."

"ನಾನಾ? ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು. ಬಿಷಪ್ಪರು ಮಾತಾಡ್ತಾರೆ, ನೀವು ಮಾತಾಡ್ತೀರಿ. ನಾನು ಅಡುಗೆ ಕಡೆ ನೋಡ್ಕೋತೀನಿ."

"ಬೇಡ ಬಿಡಮ್ಮ," ಎಂದಳು ಬಾಗಿಲಲ್ಲಿದ್ದ ಪಕ್ಕದ ಮನೆಯ ರೆಗಿನಾ. "ಇವಳು ಬಾಯಿ ತೆಗೆದ್ರೆ ನಾವು ನಾಳೆ ಹೂಳಬೇಕಾಗುತ್ತೆ."

ಹೆಂಗಸರು ನಕ್ಕರು. ತೊಪಿಸ್ತಾಳಿಗೂ ನಗು ಬಂತು.

*

ಅಮ್ಮ ಬಾಣಂತನದಲ್ಲಿ ಹಾಸಿಗೆ ಹಿಡಿದ ವರ್ಷ, ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ಉಳಿದು ಕೂಸನ್ನು ನೋಡಿಕೊಳ್ಳಬೇಕು ಎಂದ ಅಪ್ಪ. ಯಾರು ಎಂದು ಹೇಳಲಿಲ್ಲ. ಅಕ್ಕತಂಗಿಯರು ಒಂದೇ ತರಗತಿ. ಲೆಕ್ಕದಲ್ಲಿ ತಂಗಿಯೇ ಮುಂದು. ಪೆಲಾಜಿಯಾ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ತೊಪಿಸ್ತಾ ಹೋಗಿ, "ನಂಗೆ ಓದು ತಲೆಗೆ ಹತ್ತಲ್ಲ ಅಪ್ಪ" ಎಂದಳು.

ಆಮೇಲೆ ದಿನವೂ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ರಸ್ತೆಯ ತಿರುವಿನವರೆಗೆ ಅಕ್ಕನ ಜೊತೆ ಹೋಗುತ್ತಿದ್ದಳು. ಸಂಜೆ ನೀರಿಗೆ ಹೋಗುವಾಗ ಅಕ್ಕ ಆ ದಿನದ ಲೆಕ್ಕ ಒಪ್ಪಿಸುವಳು. ತಪ್ಪಿದಲ್ಲಿ ತಂಗಿ ತಿದ್ದುವಳು. ಬಿಂದಿಗೆ ತುಂಬಿದರೂ ಇಬ್ಬರಿಗೂ ಮನೆಯ ನೆನಪಾಗುತ್ತಿರಲಿಲ್ಲ.

*

ಹದಿನಾರು ವರ್ಷದ ಮೇಲೆ ಅಕ್ಕ, ಹುಡುಗಿಯರು ಶಾಲೆ ಬಿಡುವುದೇಕೆಂದು ತಿಳಿಯಲು, ಪ್ರಶ್ನೆಗಳನ್ನು ಅಚ್ಚುಹಾಕಿಸಿದ ಹಾಳೆಗಳೊಂದಿಗೆ ಊರೂರು ತಿರುಗುತ್ತ ತಂಗಿಯ ಮನೆಗೂ ಬಂದಳು. ಬೇರೆಯವರನ್ನು ಕೇಳಿದ ಹಾಗೆಯೇ ಕೇಳಿದಳು.

"ಹದಿನಾಲ್ಕನೇ ಪ್ರಶ್ನೆ. ಸ್ಕೂಲು ಯಾಕೆ ಬಿಟ್ಟೆ?"

"ತಲೆಗೆ ಹತ್ತಲಿಲ್ಲ. ಬರ್ಕೋ."

ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು. ಶಾಲೆ ಬಿಟ್ಟ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ ಎಂದು ಅವಳ ಮೊದಲ ಪುಸ್ತಕದಲ್ಲಿ ಅಚ್ಚಾಯಿತು. ಎಲ್ಲರೂ ಹೊಗಳಿದರು.

ಪುಸ್ತಕ ಬಂದ ಮೇಲೆ ಒಂದು ಶನಿವಾರ ಪೆಲಾಜಿಯಾ ಹಾಳೆಗಳಿಲ್ಲದೆ ಬಂದಳು.

"ನೀನು ಸುಳ್ಳು ಹೇಳ್ತಿದೀಯ ಅಂತ ಗೊತ್ತಿದ್ದೂ ಬರ್ಕೊಂಡೆ ಕಣೇ."

"ನಂಗೂ ಗೊತ್ತಾಯ್ತು."

"ಉಳಿದವರೂ ನಿನ್ನ ಹಾಗೇ ಹೇಳಿದ್ರಾ?"

"ಮತ್ತೆ? ಪೇಪರ್ ಹಿಡ್ಕೊಂಡು ಬಂದೋರ ಹತ್ರ ಮನೆ ಮಾತು ಯಾರು ಹೇಳ್ತಾರೆ?"

"ಆವತ್ತು ಅಪ್ಪನ ಹತ್ರ ಯಾಕೆ ಹಾಗಂದೆ?"

"ನೀನು ಊಟ ಬಿಟ್ಟು ಕೂತಿದ್ದೆ. ಮನೇಲಿ ಅಳೋ ಕೂಸು ಒಂದು ಸಾಕಾಗಿತ್ತು."

ವಾಪಸು ಹೋಗುವ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಪೆಲಾಜಿಯಾ ತಂಗಿಯ ಎದುರು ಚಾಪೆಯ ಮೇಲೆ ಅವರೆಕಾಳು ಬಿಡಿಸುತ್ತ ಕೂತೇ ಇದ್ದಳು.

*

ಬಾಳೆತೋಟದ ಅಂಚಿನಲ್ಲಿ, ತೋಡಿದ ಗುಂಡಿಯ ಪಕ್ಕ ನಿಂತು ನಬ್ಬೊಸ ಮಾತಾಡಿದಳು.

"ಹುಡುಗೀರನ್ನ ಎಲ್ಲರೂ ಕೇಳ್ತಿದ್ದದ್ದು ಒಂದೇ, ಸ್ಕೂಲು ಯಾಕೆ ಬಿಟ್ಟೆ ಅಂತ. ಮೇಡಂ ಆ ಪ್ರಶ್ನೆ ಹೊಡೆದುಹಾಕಿದ್ರು. 'ನೀನು ಮನೇಲಿ ಉಳಿದ ದಿನ, ನಿಮ್ಮನೆಯಿಂದ ಸ್ಕೂಲಿಗೆ ಹೋದೋರು ಯಾರು?' ಅಂತ ಬರೆದ್ರು. ಅದನ್ನು ಕೇಳಿದ ಮೇಲೆ ಹೆಂಗಸರು ಬಾಯಿಬಿಟ್ಟು ಮಾತಾಡಿದ್ರು. ಅವರ ಮುಂದಿನ ಪುಸ್ತಕಗಳೆಲ್ಲ ಹುಟ್ಟಿದ್ದು ಅದರಿಂದಲೇ. ಎಲ್ಲಿಂದ ಹೊಳೀತು ಅಂತ ಕೇಳಿದ್ರೆ, 'ನನಗೆ ಲೆಕ್ಕ ಹೇಳಿಕೊಟ್ಟೋರು ಕೊಟ್ಟದ್ದು' ಅಂತಿದ್ರು. ಹೆಸರು ಮಾತ್ರ ಹೇಳಲಿಲ್ಲ."

ತೊಪಿಸ್ತಾ ಇದನ್ನು ಕೇಳಿದ್ದು ಅದೇ ಮೊದಲು. ಕೂತಲ್ಲೇ ಸೊಂಟಪಟ್ಟಿಯ ತುದಿಯನ್ನು ಸುತ್ತಿದಳು, ಬಿಚ್ಚಿದಳು. ಆಮೇಲೆ ಎದ್ದು ಮೈಕಿನ ಹತ್ತಿರ ಹೋದಳು.

"ನಾನು ತೊಪಿಸ್ತಾ. ನಾನು ಮನೇಲಿ ಉಳಿದ ದಿನ ಸ್ಕೂಲಿಗೆ ಹೋದೋಳು ಇವಳು." ತೊಗಟೆಬಟ್ಟೆಯ ಕಡೆ ಒಮ್ಮೆ ನೋಡಿದಳು. "ಚೆನ್ನಾಗಿ ಓದಿದಳು."

ಅಷ್ಟೇ ಹೇಳಿ ಬಂದು ಕೂತಳು.

ಬಿಷಪ್ಪರು ಪ್ರಾರ್ಥನೆಯ ಪುಸ್ತಕ ತೆರೆದರು. ಅಷ್ಟರಲ್ಲಿ ಒಲೆಗಳ ಕಡೆಯಿಂದ ರೆಗಿನಾ ಬಂದಳು. ಬೆಳಗಿನಿಂದ ಬಾಳೆಕಾಯಿ ಸುಲಿದು ಕೈ ಸೊನೆ ಹತ್ತಿ ಕಪ್ಪಾಗಿತ್ತು. ಮೈಕು ಹಿಡಿದು, "ನಮ್ಮನೇಲಿ ಹೋದೋನು ನಮ್ಮಣ್ಣ, ಕಿಝಿಟೋ," ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬಳು, ಅಂಗೈಗಳನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ.

ಬಿಷಪ್ಪರು ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು. ಮೈಕಿನ ಹೊಳೆಯುವ ಕಂಬದ ಮೇಲೆ ಕಪ್ಪು ಬೆರಳಚ್ಚುಗಳು ಒಂದರ ಮೇಲೊಂದು ಮೂಡುತ್ತ ಹೋದವು.