ಮೂರನೆಯ ಸವಾಲಿನ ಜವಾಬು

"ಅಯ್ನೋರ, ನಮ್ಮ ಕೋಠಿ ಹೆಸರು ದಿಲ್ಲಿತನಾ ಹೋಗೈತಿ ನೋಡ್ರಿ," ಎಂದು ಕೋಠಿಯ ಅಧಿಕಾರಿ ಬಸವಂತರಾಯರು ಕಾಗದವನ್ನು ಮೇಜಿನ ಈಚೆಗೆ ನೂಕಿದರು. ಸಾಹೇಬರು ನಗುನಗುತ್ತಲೇ ಹೇಳಿದರೂ ಅವರ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು.

ಗುಮಾಸ್ತ ಕರಿಬಸಯ್ಯ ನಿಂತುಕೊಂಡೇ ಓದಿದ. ಲೋಕಸಭೆಯಲ್ಲಿ ಸದಸ್ಯರೊಬ್ಬರು ಸರಕಾರಕ್ಕೆ ಹಾಕಿದ ಪ್ರಶ್ನೆ ಅದು. ದಿಲ್ಲಿಯಿಂದ ಹೈದರಾಬಾದಿಗೆ, ಅಲ್ಲಿಂದ ರಾಯಚೂರಿಗೆ, ರಾಯಚೂರಿನಿಂದ ಲಿಂಗಸುಗೂರಿಗೆ ಇಳಿದು ಬರುವಷ್ಟರಲ್ಲಿ ಕಾಗದದ ಮೈತುಂಬ ಠಸ್ಸೆ ಬಿದ್ದು, ನಾಲ್ಕು ಕಡೆ ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಬರೆಸಿಕೊಂಡಿತ್ತು. ಒಂದು: ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ರಾಜ್ಯದ ಜನರಿಂದ ಜಮಾ ಮಾಡಿಸಿಕೊಂಡ ಶಸ್ತ್ರಗಳನ್ನು ಪರದೇಶಗಳಿಗೆ ಮಾರಲಾಗಿದೆಯೆ? ಎರಡು: ಮಾರಿದ್ದರೆ ಯಾವ ದೇಶಗಳಿಗೆ, ಯಾವ ನೀತಿಯ ಆಧಾರದ ಮೇಲೆ? ಮೂರು: ಮಾರುವ ಮೊದಲು ಅವು ಮತ್ತೆ ಶಸ್ತ್ರವಾಗಿ ಬಳಕೆಯಾಗದಂತೆ ಚೂರು ಮಾಡಲಾಗಿತ್ತೆ?

"ಮೊದಲಿನ ಎರಡಕ್ಕ ದೊಡ್ಡವರು ಜವಾಬು ಹೇಳ್ಕೋತಾರ. ಮೂರನೇದು ನಮ್ಮ ಕೊರಳಿಗೆ ಬಿದ್ದೈತಿ," ಎಂದರು ಬಸವಂತರಾಯರು. "ಸೋಮವಾರದೊಳಗ ಹೋಗಬೇಕು. ನೀವು ದಸ್ತಖತ್ತು ಹಾಕಿದ ಹಳೇ ಸರ್ಟಿಫಿಕೇಟ್ ಐತೆಲ್ಲ, ಅದನ್ನ ನೋಡಿ ಎರಡು ಸಾಲು ಬರದುಬಿಡ್ರಿ."

ಕರಿಬಸಯ್ಯ ಕಾಗದವನ್ನು ಮೊದಲಿನಿಂದ ಮತ್ತೊಮ್ಮೆ ಓದಿದ. ಸರ್ಟಿಫಿಕೇಟಿನ ಭಯ ಒಂದಾದರೆ ಇನ್ನೊಂದು ಸಂಗತಿ ಸಾಹೇಬರಿಗೂ ಗೊತ್ತಿರಲಿಲ್ಲ. ದಿಲ್ಲಿಯಲ್ಲಿ ಎದ್ದ ಆ ಪ್ರಶ್ನೆಯ ಬೀಜ ಬಿತ್ತಿದವನು ಅವನೇ.

ಕೋಠಿ ಎಂದರೆ ಊರಾಚೆಯ ಹಳೆಯ ಹತ್ತಿ ಜಿನ್ನಿನ ಶೆಡ್ಡು. ನಲವತ್ತೆಂಟರಲ್ಲಿ ರಜಾಕಾರರ ಗದ್ದಲ ಮುಗಿದು ನಿಜಾಮರ ರಾಜ್ಯ ಹೋದ ಮೇಲೆ, ಸುತ್ತಲ ಊರಿನವರೆಲ್ಲ ತಮ್ಮಲ್ಲಿದ್ದ ಬಂದೂಕು, ಭರ್ಚಿ, ಕತ್ತಿಗಳನ್ನು ತಂದು ಒಪ್ಪಿಸಬೇಕೆಂದು ಹುಕುಂ ಆಗಿ, ಅವನ್ನೆಲ್ಲ ಇಡಲು ಈ ಶೆಡ್ಡಿನಲ್ಲಿ ಒಂದು ದಫ್ತರು ತೆರೆದರು. ಕರಿಬಸಯ್ಯ ಆಗ ಹೊಸದಾಗಿ ನೌಕರಿಗೆ ಸೇರಿದವನು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ತನ್ನೂರು ಪಾಮನಕಲ್ಲೂರಿಗೆ ತಾನೇ ಹೋಗಿ, ತನ್ನ ಮನೆಯ ಜಗಲಿಯ ಮೇಲಿದ್ದ ವೀರಭದ್ರದೇವರ ಖಡ್ಗವನ್ನೂ ಇಸಿದುಕೊಂಡು ಬಂದ. ಅವರದು ತಲೆಮಾರುಗಳಿಂದ ವೀರಭದ್ರನ ಸೇವೆಯ ಪುರವಂತರ ಮನೆ. ಊರಿನ ಯಾವ ಮನೆಯಲ್ಲಿ ಮದುವೆಯಾಗಲಿ, ಮೊದಲು ವೀರಭದ್ರನಿಗೆ ಗುಗ್ಗಳದ ಮೆರವಣಿಗೆ ನಡೆಯಬೇಕು. ಅದರ ಮುಂದೆ ಪುರವಂತ ಆ ಖಡ್ಗ ಹಿಡಿದು ದೇವರ ಮಹಿಮೆಯ ಒಡಪು ಹೇಳುತ್ತ ಕುಣಿಯಬೇಕು. "ದೇವರ ಕತ್ತಿಗೂ ಚೀಟಿ ಕಟ್ಟತಾರೇನೋ?" ಎಂದು ತಂದೆ ಕೇಳಿದ್ದಕ್ಕೆ, "ಒಂದ ತಿಂಗಳು ತಡಿ ಅಪ್ಪಾ, ನಾನ ತಂದು ಜಗಲಿ ಮ್ಯಾಲ ಇಡತೀನಿ," ಎಂದಿದ್ದ. ತಿಂಗಳು ಹೋಗಿ ವರ್ಷವಾಯಿತು. ತಂದೆ ಬರಿಗೈಯಲ್ಲೇ ತೀರಿಕೊಂಡ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಅನ್ನುತ್ತಾರೆ. ಇಲ್ಲಿ ಖಡ್ಗ ಕೊಟ್ಟವನು ವೀರಭದ್ರನೇ, ಕೋಡಂಗಿಯಾದವನೂ ಅವನೇ.

ಐವತ್ತೊಂದರಲ್ಲಿ ಎಲ್ಲವನ್ನೂ ಚೂರು ಮಾಡಿ ಗುಜರಿಗೆ ಹರಾಜು ಹಾಕಿರೆಂದು ಆಜ್ಞೆ ಬಂತು. ಮುಂಬಯಿಯಿಂದ ಬಂದ ವ್ಯಾಪಾರಿ ಸುತ್ತಿಗೆ ಎತ್ತಗೊಡಲಿಲ್ಲ. "ಚೂರಾದರೆ ಕಬ್ಬಿಣ, ಇಡಿಯಾಗಿದ್ದರೆ ಮಾಲು," ಎಂದ. ಸಮುದ್ರದಾಚೆ ಅವನಿಗೆ ಗಿರಾಕಿಗಳಿದ್ದರು. ಬಂದೂಕು ಯಾರದೋ ಜಗಳಕ್ಕೆ, ಖಡ್ಗ ಯಾರದೋ ಗೋಡೆಗೆ. ಅವನಿಗೂ ಬಸವಂತರಾಯರಿಗೂ ಮಾತಾಯಿತು. 'ನನ್ನ ಕಣ್ಣೆದುರಿಗೆ ಚೂರು ಮಾಡಲಾಯಿತು' ಎಂಬ ಕಾಗದಕ್ಕೆ ಕರಿಬಸಯ್ಯ ದಸ್ತಖತ್ತು ಹಾಕಿದ. ಲಾರಿ ತುಂಬುವಾಗ ಗೋಣಿಚೀಲದ ಬಾಯಿಯಲ್ಲಿ ತಮ್ಮ ಖಡ್ಗದ ಹಿಡಿ ಕಂಡು ಕೈ ಹಾಕಿದ್ದ ಕೂಡ. ಪಟ್ಟಿಯಲ್ಲಿ ಒಂದು ಕಡಿಮೆ ಬಿದ್ದರೆ ಕೇಳುವವರು ತನ್ನನ್ನೇ ಎಂಬುದು ನೆನಪಾಗಿ ಕೈ ತೆಗೆದ. ಮೂರು ವರ್ಷವಾದರೂ ಆ ಹಿಡಿಯ ತಣ್ಣಗಿನ ಸ್ಪರ್ಶ ಅವನ ಅಂಗೈ ಬಿಟ್ಟು ಹೋಗಿರಲಿಲ್ಲ.

ಊರಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಖಡ್ಗ ಇನ್ನೂ ಸರಕಾರದ ಸೆರೆಯಲ್ಲಿದೆ. ಹಳೆಯ ಖಡ್ಗ ಜೀವಂತ ಇರುವತನಕ ಹೊಸದಕ್ಕೆ ಕುಲುಮೆ ಹಚ್ಚುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ಹೀಗಾಗಿ ಆರು ವರ್ಷದ ಮದುವೆಗಳೆಲ್ಲ ಗುಗ್ಗಳವಿಲ್ಲದೆ ಆಗಿದ್ದವು. ಯಾವ ಮನೆಯಲ್ಲಿ ಕೂಸು ಉಳಿಯದಿದ್ದರೂ, ಎತ್ತು ಸತ್ತರೂ ಜನ ಪುರವಂತರ ಮನೆಯ ಕಡೆ ನೋಡುತ್ತಿದ್ದರು. ಈ ಬೇಸಿಗೆಯಲ್ಲಿ ಲೋಕಸಭೆಯ ಸದಸ್ಯರೊಬ್ಬರು ಮಸ್ಕಿಗೆ ಬಂದಾಗ ಊರ ಹಿರಿಯ ಅಮರಗುಂಡಪ್ಪ ದೇವರ ಖಡ್ಗ ತಿರುಗಿ ಕೊಡಿಸಿರೆಂದು ಒಂದು ಅರ್ಜಿ ಕೊಡೋಣವೆಂದ. ಹೇಳಿ ಬರೆಸಿದವಳು ಕರಿಬಸಯ್ಯನ ತಾಯಿ ಜಂಬಮ್ಮ, ಬರೆದವನು ಕರಿಬಸಯ್ಯ. ಒಲ್ಲೆನೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅರ್ಜಿಗಳು ಎಲ್ಲಿ ಹೋಗಿ ಸಾಯುತ್ತವೆಂದು ಅವನಷ್ಟು ಬಲ್ಲವರಾರು? ಇದೂ ಸಾಯುತ್ತದೆಂದು ದುಂಡಗೆ ಬರೆದುಕೊಟ್ಟ. ಅದು ಸಾಯಲಿಲ್ಲ. ಸದಸ್ಯರು ದೇವರನ್ನು ಬಿಟ್ಟು ಶಸ್ತ್ರವನ್ನಷ್ಟೇ ಇಟ್ಟುಕೊಂಡು, ಮುಂಬಯಿ ಕಡೆಯ ಗಾಳಿಸುದ್ದಿಯನ್ನೂ ಅದಕ್ಕೆ ಸೇರಿಸಿ, ಸರಕಾರದ ಪರದೇಶ ವ್ಯಾಪಾರವನ್ನೇ ಜಗ್ಗಿ ಕೇಳಿದ್ದರು.

ಶನಿವಾರ ಮಧ್ಯಾಹ್ನ ಅವನು ಹಾಳೆ ಮುಂದಿಟ್ಟುಕೊಂಡು ಕೂತ. ಕೋಠಿಯ ಪಹರೆಯವ ದಸ್ತಗೀರ್‌ಸಾಬ್ ಬಾಗಿಲಿಗೆ ಒರಗಿ ಬೀಡಿ ಹಚ್ಚಿದ. ಲಾರಿಗೆ ಚೀಲ ಹೊತ್ತವನು ಅವನೇ.

"ಏನ್ ಬರೀಬೇಕಂತ ಮಾಡೀರಿ ಅಯ್ನೋರ?"

"ಖರೇ ಬರದ್ರ ಏನಾಗತೈತಿ ದಸ್ತಗೀರ್‌ಸಾಬ್?"

"ಆಗೋದೇನ್ರಿ? ಸಾಹೇಬರಿಗೆ ಬೇರೆ ಊರು, ನಿಮಗ ಜೇಲು, ನನಗ ಬೀದಿ. ನಾನೂ ಎರಡು ರಾತ್ರಿ ಇದನ್ನ ವಿಚಾರ ಮಾಡೀನಿ." ಅವನು ಹೊಗೆ ಬಿಟ್ಟ. "ಖರೇ ಬರದರ ನಿಮ್ಮ ದೇವರ ಕತ್ತಿ ತಿರುಗಿ ಬರೂ ಹಂಗಿದ್ರ, ಅಲ್ಲಾನ ಆಣಿ, ನಾನ ಸಾಕ್ಷಿ ಹೇಳತಿದ್ದೆ. ಬರಂಗಿಲ್ಲಲ್ರಿ."

ಕರಿಬಸಯ್ಯ 'ಚೂರು ಮಾಡಿರುವುದಿಲ್ಲ' ಎಂದು ಬರೆದ. ಆ ಎರಡು ಶಬ್ದಗಳನ್ನು ತುಂಬ ಹೊತ್ತು ನೋಡಿದ. ಒಳಗಿನ ಕೋಣೆಯಲ್ಲಿ ಬಸವಂತರಾಯರು ಕೆಮ್ಮಿದರು. ಅಷ್ಟಕ್ಕೇ ಅವನ ಕೈ ಹಾಳೆಯನ್ನು ಎಳೆದುಕೊಂಡು ಹರಿದು ಹಾಕಿತು. ಆ ಕೋಠಿಯಲ್ಲಿ ನಿಜವಾಗಿ ಚೂರಾದದ್ದು ಅದೊಂದೇ. ಎರಡನೆಯ ಹಾಳೆಯಲ್ಲಿ, 'ಸದರಿ ಶಸ್ತ್ರಗಳನ್ನೆಲ್ಲ ಅಧಿಕಾರಿಯ ಸಮಕ್ಷಮ ಪೂರ್ತಿಯಾಗಿ ಚೂರು ಮಾಡಲಾಗಿದೆ' ಎಂದು ಬರೆದು ದಸ್ತಖತ್ತು ಹಾಕಿದ. ಸಾಹೇಬರು ಓದಿ, "ಅಕ್ಷರ ಮುತ್ತಿನಂಗ ಅದಾವ್ರಿ ನಿಮ್ಮವು," ಎಂದರು. ತನ್ನ ಮೇಲೆ ಅವನಿಗೆ ಹೇಸಿಗೆಯಾಯಿತು.

ಜವಾಬು ಬಂದ ದಾರಿಯಲ್ಲೇ ಮೇಲೇರಿತು. ಮುಂದೊಂದು ದಿನ ಮಂತ್ರಿಗಳು ಸದನದಲ್ಲಿ ಎದ್ದು ನಿಂತು, ಸರಕಾರ ಯಾವ ದೇಶಕ್ಕೂ ಶಸ್ತ್ರ ಮಾರಿಲ್ಲ, ಮಾರಿದ್ದು ಗುಜರಿ ಕಬ್ಬಿಣ, ಅದನ್ನೂ ಅಧಿಕಾರಿಗಳ ಕಣ್ಣೆದುರಿಗೆ ಚೂರು ಮಾಡಲಾಗಿತ್ತು ಎಂದರು. ಸದಸ್ಯರು ಮತ್ತೆರಡು ಉಪಪ್ರಶ್ನೆ ಕೇಳಿದರು. ಅದಕ್ಕೂ ಅದೇ ಜವಾಬು. ಸದನ ಮುಂದಿನ ಪ್ರಶ್ನೆಗೆ ಹೋಯಿತು. ಸದಸ್ಯರು ಮಾತ್ರ ಒಳ್ಳೆಯವರು. ಅರ್ಜಿ ಕೊಟ್ಟ ಊರನ್ನು ಮರೆಯದೆ ಅಚ್ಚಾದ ಜವಾಬಿನ ಪ್ರತಿಯೊಂದನ್ನು ಕನ್ನಡದಲ್ಲಿ ಬರೆಸಿ ಪಾಮನಕಲ್ಲೂರಿಗೆ ಕಳಿಸಿದರು.

ಎಂಟು ದಿನದಲ್ಲಿ ಅಮರಗುಂಡಪ್ಪ ಕೋಠಿಗೆ ಬಂದ. ಜಗಳಕ್ಕೆ ಬಂದನೆಂದೇ ಕರಿಬಸಯ್ಯ ತಿಳಿದ. ಮುದುಕ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗುಡಿಯಾಗ ಓದಿಸಿದ್ವಿರಿ ಅಯ್ನೋರ. ಹೆಣ್ಣುಮಕ್ಕಳು ಭಾಳ ಅತ್ತರು. ಆದ್ರ ಏನಾತಂತ ಗೊತ್ತರ ಆತಲ್ರಿ, ಅಷ್ಟ ಸಮಾಧಾನ. ಇದ್ದೂ ಇಲ್ಲದಂಗ ಆರು ವರ್ಷ ಆತು. ನಿಮಗ ಮೊದಲ ಗೊತ್ತಿತ್ತಂತ ಕಾಣತೈತಿ. ಹಡೆದವ್ವಗ ಹೆಂಗ ಹೇಳೂದಂತ ಸುಮ್ಮಕಿದ್ದೀರಿ. ಯಾರೂ ನಿಮಗೇನೂ ಅನ್ನಂಗಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಕರಿಬಸಯ್ಯ ತಲೆ ತಗ್ಗಿಸಿದ.

"ದಿಲ್ಲಿ ಸಭಾದಾಗ ಆಡಿದ ಮಾತಂದ್ರ ಸುಳ್ಳಾಗಂಗಿಲ್ಲ," ಎಂದ ಅಮರಗುಂಡಪ್ಪ. "ಖಡ್ಗ ಮುರೀತು ಅಂದ ಮ್ಯಾಲ ಮಾಡೂ ಕಾರ್ಯ ಮಾಡಿಬಿಡೂನು. ಮುರದದ್ದರ ಒಂದು ತುಣುಕರ ಕೋಠಿಯಾಗ ಬಿದ್ದಿರತೈತಿ, ಹುಡುಕಿ ತರ್ರಿ. ಗಂಗಿಗೆ ಬಿಟ್ಟು, ಹೊಸದಕ್ಕ ಕುಲುಮಿ ಹಚ್ಚೂನು. ಹೊಸ ಖಡ್ಗ ನಿಮ್ಮ ಕೈಯಾಗನ ಹಿಡಸೂದು."

ಜಿನ್ನಿನ ಹಿತ್ತಲಲ್ಲಿ ಹಳೆಯ ಯಂತ್ರದ ಪಟ್ಟಿಗಳು ತುಕ್ಕು ಹಿಡಿದು ಬಿದ್ದಿದ್ದವು. ಅವುಗಳಲ್ಲೊಂದನ್ನು ದಸ್ತಗೀರ್‌ಸಾಬ್ ಕಲ್ಲಿಗೆ ಹೊಡೆದು ಗೇಣುದ್ದ ಮುರಿದುಕೊಟ್ಟ. ಕರಿಬಸಯ್ಯ ಅದನ್ನು ಕಾವಿ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಹೋದ.

ಜಂಬಮ್ಮ ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ. ಮಗನಿಗೆ ನೀರು ಕೊಟ್ಟು ಎದುರಿಗೆ ಕೂತಳು. ಬಟ್ಟೆಯ ಗಂಟನ್ನು ಇನ್ನೂ ಮುಟ್ಟಲಿಲ್ಲ.

"ಮುರಿಯೂಮುಂದ ನೀ ಅಲ್ಲೇ ಇದ್ದೇನು ತಮ್ಮಾ?"

"ಇದ್ದೆ ಯವ್ವಾ."

"ಒಂದ ಏಟಿಗೆ ಮುರೀತೋ, ಭಾಳ ಬಡದರೋ?"

ಈ ಸವಾಲನ್ನು ದಿಲ್ಲಿಯವರು ಕೇಳಿರಲಿಲ್ಲ. ಕರಿಬಸಯ್ಯ, "ಒಂದ ಏಟಿಗೆ," ಎಂದ.

"ಚಲೋ ಆತು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪಗೂ ಹಂಗ ಬಂತು ಸಾವು. ನರಳಲಿಲ್ಲ."

ಮಳೆ ಹಿಡಿದು ಹಳ್ಳಕ್ಕೆ ನೀರು ಬಂದಿತ್ತು. ಸೋಮವಾರ ಬೆಳಿಗ್ಗೆ ಊರೇ ದಂಡೆಗೆ ನೆರೆಯಿತು. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಮುಂದೆ ನಿಂತಿದ್ದರು. ಅವರ ಮುಖದಲ್ಲಿ ದುಃಖದ ಹಿಂದೆಯೇ ಬಿಡುಗಡೆಯೂ ಕಾಣುತ್ತಿತ್ತು. ತುಣುಕು ದೇವರದೇ ಹೌದೆಂದು ಪುರವಂತರ ಮನೆಯ ಹಿರಿಯರು ಹೇಳಿದ ಮೇಲೆಯೇ ನೀರಿಗೆ ಬಿಡಬೇಕು. ಆ ಮನೆಯಲ್ಲಿ ಈಗ ಹಿರಿಯಳೆಂದರೆ ಜಂಬಮ್ಮನೇ. ಅಮರಗುಂಡಪ್ಪ ಗಂಟು ಬಿಚ್ಚಿ ಆಕೆಯ ಎರಡೂ ಕೈಗೆ ಕೊಟ್ಟ.

ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅಮಾವಾಸ್ಯೆಗೊಮ್ಮೆ ಖಡ್ಗವನ್ನು ಬೂದಿ ಹಚ್ಚಿ ಬೆಳಗಿದ ಕೈಗಳು ಅವು. ಆಕೆ ತುಣುಕನ್ನು ಅಂಗೈಯಲ್ಲಿ ಸ್ವಲ್ಪ ಎತ್ತಿ ತೂಗಿದಳು. ಹೆಬ್ಬೆರಳು ಅಂಚಿನ ಮೇಲೆ ಹೋಗಿ, ನಿಂತು, ತಿರುಗಿ ಬಂತು. ಮತ್ತೊಮ್ಮೆ ಹೋಯಿತು. ಆಮೇಲೆ ತಲೆಯೆತ್ತಿ ಮಗನ ಮುಖ ನೋಡಿದಳು. ಕರಿಬಸಯ್ಯನಿಗೆ ಆ ಕಣ್ಣುಗಳಲ್ಲಿ ಎಲ್ಲ ಕಂಡಿತು: ಲಾರಿ, ಗೋಣಿಚೀಲ, ತಾನು ಹಿಂದೆಗೆದ ಕೈ. ನೆಲ ಬಿರಿದು ತನ್ನನ್ನು ನುಂಗಬಾರದೆ ಅನ್ನಿಸಿತು.

"ಅಮ್ಮನವರ, ಅದ ಹೌದಲ್ರಿ?" ಎಂದ ಅಮರಗುಂಡಪ್ಪ.

"ಹೌದು, ಅದ," ಎಂದಳು ಜಂಬಮ್ಮ. ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದಳು: "ನನ್ನ ಮಗ ದೇವರ ಮುಂದ ಸುಳ್ಳು ತರಂಗಿಲ್ಲ."

ಪುರವಂತರ ಜಯಕಾರ ಎದ್ದಿತು. ಆಕೆ ಮೊಳಕಾಲ ನೀರಿಗೆ ಇಳಿದು ತುಣುಕನ್ನು ಕೈಬಿಟ್ಟು, ಮೂರು ಸಲ ಮುಳುಗಿ ಎದ್ದಳು. ತೊಯ್ದ ಸೀರೆ ಕಾಲಿಗೆ ತೊಡರಿ ದಂಡೆಯ ಕೆಸರಲ್ಲಿ ಜಾರಿದಾಗ ಕರಿಬಸಯ್ಯ ಓಡಿ ಹೋಗಿ ಕೈ ಚಾಚಿದ. ಜಂಬಮ್ಮ ಆ ಕೈಯನ್ನು ನೋಡಿದಳು. ನೋಡಿ, ಕೆಸರಿಗೆ ತನ್ನ ಎರಡೂ ಕೈಯೂರಿ, ಮೆಲ್ಲಗೆ ತಾನೇ ಮೇಲೆ ಬಂದಳು.