ಗುರುತು ಸಿಗಲಿಲ್ಲ

"ಮುಖದ ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ," ಎಂದಿತು ಟ್ಯಾಬ್ಲೆಟ್, ಎರಡನೇ ಸಲ.

ಒಂಬತ್ತನೇ ತರಗತಿಯ ಮಕ್ಕಳು ಕಿಸಕ್ಕನೆ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ, "ಮಿಸ್, ಗುಬ್ಬಿ ಇವತ್ತು ಬೇರೆ ಯಾರದೋ ಮುಖ ಹಾಕ್ಕೊಂಡು ಬಂದಿದಾಳೆ," ಎಂದರು. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದ ಮಿಸ್ಸೂ ತಿರುಗಿ ನೋಡದೆಯೇ ನಕ್ಕುಬಿಟ್ಟರು. ಆ ನಗು ಆಮೇಲೆ ಬಹಳ ದಿನ ಅವರನ್ನು ಸುಟ್ಟಿತು.

ಹಾಜರಿಯ ಟ್ಯಾಬ್ಲೆಟ್ ಶಾಲೆಗೆ ಬಂದು ಎರಡು ತಿಂಗಳಾಗಿತ್ತು. ಬಾಗಿಲ ಪಕ್ಕ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದನ್ನು ನಿಲ್ಲಿಸಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಮುಖ ತೋರಿಸಿದರೆ ಹಸಿರು ದೀಪ ಹತ್ತಿ, ಹೆಸರು ಹೇಳಿ, "ಹಾಜರು" ಎನ್ನುತ್ತಿತ್ತು. ಮೊದಮೊದಲು ಮಿಸ್ ಇದಕ್ಕೆ ಒಪ್ಪಿರಲಿಲ್ಲ. ಇಪ್ಪತ್ತಾರು ವರ್ಷ ಪುಸ್ತಕ ಹಿಡಿದು ಹೆಸರು ಕೂಗಿ, ಒಂದೊಂದು ಹೆಸರಿಗೂ ತಲೆಯೆತ್ತಿ ನೋಡಿ ಗುರುತು ಹಾಕಿದವರು ಅವರು. ಆದರೆ ದಿನಕ್ಕೆ ಹತ್ತು ನಿಮಿಷ ಉಳಿಯತೊಡಗಿದಾಗ ಯಂತ್ರ ಹಿಡಿಸಿತು. ಈಗ ಹಾಜರಿ ಅವರ ಬೆನ್ನ ಹಿಂದೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

"ಕೂದಲು ಹಿಂದೆ ಸರಿಸ್ಕೋ ಪುಟ್ಟಾ," ಎನ್ನುತ್ತ ಮಿಸ್ ಕೈಯ ಚಾಕಿನ ಪುಡಿ ಒರೆಸಿಕೊಂಡು ಬಂದರು. ಹುಡುಗಿ ಅಲ್ಲಾಡಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಪುಟ್ಟವಳು ಎಂದು ಅವಳಿಗೆ ಗುಬ್ಬಿ ಎಂದೇ ಹೆಸರು ಬಿದ್ದಿತ್ತು. ಮಿಸ್ ತಾವೇ ಅವಳ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದರು.

ಎಡಗೆನ್ನೆ ಕಿವಿಯಿಂದ ತುಟಿಯವರೆಗೆ ಊದಿಕೊಂಡಿತ್ತು. ಕಣ್ಣು ಮುಚ್ಚಿಹೋಗಿ ಒಂದು ಗೆರೆಯಷ್ಟೇ ಉಳಿದಿತ್ತು. ದವಡೆಯ ಕೆಳಗೆ ನಾಲ್ಕು ಬೆರಳು ಒತ್ತಿದ ಗುರುತು, ನೇರಳೆ ಬಣ್ಣಕ್ಕೆ ತಿರುಗಿತ್ತು.

ಟ್ಯಾಬ್ಲೆಟ್ ಮೂರನೇ ಸಲ ನೋಡಿತು. "ಗುರುತು ಸಿಗಲಿಲ್ಲ. ಗೈರುಹಾಜರಿ ದಾಖಲಾಗಿದೆ. ಪೋಷಕರಿಗೆ ಸಂದೇಶ ಕಳುಹಿಸಲಾಗಿದೆ."

ಈಗ ಯಾರೂ ನಗಲಿಲ್ಲ.

"ಬಾತ್‌ರೂಮಲ್ಲಿ ಜಾರಿ ಬಿದ್ದೆ ಮಿಸ್," ಎಂದಳು ಗುಬ್ಬಿ, ಕೇಳುವ ಮೊದಲೇ. ಆಮೇಲೆ ಅವಳ ನೆಟ್ಟಗಿದ್ದ ಕಣ್ಣು ಟ್ಯಾಬ್ಲೆಟ್ಟಿನತ್ತ ಹೊರಳಿತು. "ಅದು ಏನಂತು ಮಿಸ್? ಅಪ್ಪಂಗೆ ಮೆಸೇಜ್ ಹೋಯ್ತಾ?"

"ಹೋದ್ರೆ ಹೋಗ್ಲಿ. ನಾನು ಸರಿ ಮಾಡಿಸ್ತೀನಿ."

"ಅಮ್ಮನ ಹತ್ರ ಓಡಿಹೋದೆ ಅನ್ಕೋತಾರೆ ಮಿಸ್. ನಿನ್ನೆ ಅಮ್ಮನ ಜೊತೆ ಫೋನಲ್ಲಿ ಮಾತಾಡಿದ್ದಕ್ಕೇ ಇಷ್ಟಾಗಿದ್ದು."

ಅವಳಪ್ಪ ಶಾಲೆಯ ಬಸ್ಸಿನ ಡ್ರೈವರ್. ಆಟದ ಮೈದಾನದ ಆಚೆ ಶೆಡ್ಡಿನಲ್ಲಿ ಈ ಹೊತ್ತಿಗೆ ಬಸ್ಸು ತೊಳೆಯುತ್ತಿರುತ್ತಿದ್ದ. ಅವನನ್ನು ಕಂಡರೆ ಆಗದವರು ಶಾಲೆಯಲ್ಲಿ ಇರಲಿಲ್ಲ. ಸಣ್ಣ ಮಕ್ಕಳನ್ನು ಎರಡೂ ಕೈಯಲ್ಲಿ ಎತ್ತಿ, "ವಿಮಾನ ಇಳೀತಪ್ಪೋ," ಎಂದು ಬಸ್ಸಿನಿಂದ ಇಳಿಸುತ್ತಿದ್ದ. ಒಮ್ಮೆ ಮಿಸ್ಸಿನ ಸ್ಕೂಟರ್ ಕೆಟ್ಟಾಗ ಅರ್ಧ ಮೈಲಿ ತಳ್ಳಿಕೊಂಡು ಹೋಗಿ ಕೊಟ್ಟಿದ್ದ. ಎರಡು ವರ್ಷದ ಹಿಂದೆ ಹೆಂಡತಿ ಬಿಟ್ಟುಹೋದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಯ್ಯೋ ಪಾಪ ಎಂದಿದ್ದರು. ಮಿಸ್ ಕೂಡ ಎಂದಿದ್ದರು.

ಅವರು ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸಿದರು. ತಪ್ಪು ತಿದ್ದಲು ಅದು ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದ ಕಂಪ್ಯೂಟರ್ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಕ್ಲಾಸ್ ಲೀಡರ್ ಹುಡುಗಿಯನ್ನು ಹೆಡ್‌ಮಾಸ್ಟರರ ಬಳಿಗೆ ಓಡಿಸಿ, ಬಾಗಿಲು ಹಾಕಿ ಚಿಲಕ ಎಳೆಯುತ್ತಿದ್ದಂತೆ ಕಾರಿಡಾರಿನಲ್ಲಿ ಒದ್ದೆ ಚಪ್ಪಲಿಯ ಸದ್ದು ಕೇಳಿಸಿತು.

"ಲೆಕ್ಕದ ಮೇಡಂ, ಇದೇನು ಬಾಗಿಲು ಹಾಕ್ಕೊಂಡಿದೀರಿ?" ನಗುತ್ತಿದ್ದ ದನಿಯೇ. "ನಮ್ಮ ಹುಡುಗಿ ಬಂದಿಲ್ಲ ಅಂತ ಮೆಸೇಜ್ ಬಂತು. ನಾನೇ ಇಳಿಸಿದೀನಲ್ಲ ಈಗ?"

"ಇಲ್ಲೇ ಇದಾಳೆ. ಮೆಶೀನು ತಪ್ಪು ಮಾಡ್ತು. ನೀವು ಹೋಗಿ."

"ಒಂದ್ಸಲ ತೋರಿಸಿಬಿಡಿ, ಹೋಗ್ತೀನಿ."

"ಈಗ ಆಗಲ್ಲ."

ಬಾಗಿಲು ಒಮ್ಮೆ ಅಲುಗಾಡಿತು. "ಏನಾದ್ರೂ ಹೇಳಿದ್ಲಾ ಅವಳು?"

ಇಲ್ಲ ಎಂದುಬಿಟ್ಟಿದ್ದರೆ ಹೋಗುತ್ತಿದ್ದನೋ ಏನೋ. ಮಿಸ್ಸಿಗೆ ತಡೆಯಲಾಗಲಿಲ್ಲ. "ಅವಳು ಹೇಳೋದೇನು ಬಂತು? ಮುಖಾನೇ ಹೇಳ್ತಿದೆ."

ಬಾಗಿಲಿನ ಮೇಲರ್ಧದ ಗಾಜು ಒಂದೇ ಏಟಿಗೆ ಒಳಕ್ಕೆ ಸುರಿಯಿತು. ರಕ್ತ ಹರಿಯುತ್ತಿದ್ದ ಕೈಯೊಂದು ತೂರಿ ಬಂದು ಚಿಲಕ ತೆಗೆಯಿತು. ಮಕ್ಕಳು ಬೆಂಚು ಹಾರಿ ಹಿಂದಿನ ಗೋಡೆಗೆ ಒತ್ತಿಕೊಂಡರು. ಗುಬ್ಬಿ ಮೊದಲ ಸಾಲಿನ ಬೆಂಚಿನ ಕೆಳಗೆ ನುಸುಳಿದಳು. ಅಡ್ಡ ಬಂದ ಮಿಸ್ಸಿನ ಕುತ್ತಿಗೆ ಹಿಡಿದು ಅವನು ಬೋರ್ಡಿಗೆ ಅಪ್ಪಳಿಸಿದ. ಅವರ ಹಲ್ಲು ತುಟಿಗೆ ನಾಟಿ ಬಾಯಿ ತುಂಬ ರಕ್ತವಾಯಿತು.

ಅವನು ಕೂಗಾಡಲಿಲ್ಲ. ಬಾಗಿ, ಜಡೆ ಹಿಡಿದು ಮಗಳನ್ನು ಹೊರಗೆಳೆದ. "ಬಾ ಮನೆಗೆ," ಎಂದ, ಮೆಲ್ಲಗೆ. ಅವಳು ಬೆಂಚಿನ ಕಾಲು ತಬ್ಬಿಕೊಂಡಳು. ಅವನು ಹೊಟ್ಟೆಗೆ ಒದ್ದ. ಮತ್ತೆ ಎಳೆದ. ಮತ್ತೆ ಒದ್ದ. ಅವಳ ಬಾಯಿಂದ ಗಾಳಿಯಷ್ಟೇ ಬಂತು.

ಮಿಸ್ಸಿನ ಕೈಗೆ ಸಿಕ್ಕಿದ್ದು ಆ ಕಬ್ಬಿಣದ ಸ್ಟ್ಯಾಂಡು. ಎತ್ತಿ ಬೀಸಿದ ರಭಸಕ್ಕೆ ಟ್ಯಾಬ್ಲೆಟ್ ಹಾರಿಹೋಗಿ ಗೋಡೆಗೆ ಬಡಿದು ಚೂರಾಯಿತು. ಮೊದಲ ಏಟು ಅವನ ಹೆಗಲಿಗೆ ಬಿತ್ತು. ಎರಡನೆಯದು ಮೊಣಕಾಲಿಗೆ. ಅವನು ಜಡೆ ಬಿಟ್ಟು ಕುಸಿದ.

ಅಲ್ಲಿಗೆ ಸಾಕಿತ್ತು. ಮಿಸ್ ನಿಲ್ಲಿಸಲಿಲ್ಲ. ತಲೆಗೆ ಅಡ್ಡ ಹಿಡಿದ ಕೈಗೆ ಹೊಡೆದರು, ಕೈ ಮುರಿದು ಬಿದ್ದ ಮೇಲೆ ಕಿವಿಗೆ, ಆಮೇಲೆ ಮುಖಕ್ಕೆ. ಏಟು ಬಿದ್ದಾಗಲೆಲ್ಲ ಸ್ಟ್ಯಾಂಡಿನ ಸಡಿಲವಾದ ಕಾಲೊಂದು ಟಣ್ ಎನ್ನುತ್ತಿತ್ತು. "ನಗು, ನಗು ಈಗ," ಎಂದು ಮಿಸ್ ಹೇಳುತ್ತಲೇ ಇದ್ದರು ಎಂದು ಮಕ್ಕಳು ಆಮೇಲೆ ಪೊಲೀಸರಿಗೆ ತಿಳಿಸಿದರು. ಹಾಗೆ ಅಂದದ್ದು ಅವರಿಗೆ ನೆನಪಿರಲಿಲ್ಲ. ನೆನಪಿದ್ದದ್ದು, ತೋಳಿಗೆ ಏನೋ ಭಾರ ಜೋತುಬಿದ್ದದ್ದು. ಕೊಡವಿದರೂ ಅದು ಬಿಡಲಿಲ್ಲ.

"ಸಾಕು ಮಿಸ್. ಸತ್ತೋಗ್ತಾರೆ. ನಮ್ಮಪ್ಪ ಮಿಸ್, ಸಾಕು."

ಗುಬ್ಬಿಯ ಎರಡೂ ಕಾಲು ನೆಲದಿಂದ ಮೇಲಿದ್ದವು. ಕೆಳಗೆ ಬಿದ್ದವನ ಮುಖ ಮುಖದ ಹಾಗೆ ಉಳಿದಿರಲಿಲ್ಲ. ಬಾಗಿಲಲ್ಲಿ ನಿಂತ ಹೆಡ್‌ಮಾಸ್ಟರ್ ಚೌಕಟ್ಟು ಹಿಡಿದುಕೊಂಡು ವಾಂತಿ ಮಾಡುತ್ತಿದ್ದರು. ಅವರ ಹಿಂದೆ ಕ್ಲಾಸ್ ಲೀಡರ್ ಹುಡುಗಿ ಎಲ್ಲ ನೋಡುತ್ತ ನಿಂತಿದ್ದಳು.

ಅವನು ಬದುಕಿದ. ಒಂದು ಕಣ್ಣು ಹೋಯಿತು. ಅವನ ಮೇಲೆ ಕೇಸಾಯಿತು, ಮಿಸ್ಸಿನ ಮೇಲೂ ಆಯಿತು. ಆದರೆ ಡಾಕ್ಟರು ಹುಡುಗಿಯ ಮೈಮೇಲಿನ ಹಳೆಯ ಹೊಸ ಗಾಯಗಳನ್ನೆಲ್ಲ ಬರೆದುಕೊಟ್ಟಿದ್ದರು. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಐದು ವಾರ ಕೆಲಸದಿಂದ ದೂರವಿಟ್ಟು ಆಡಳಿತದವರು ಮಿಸ್ಸನ್ನು ಮತ್ತೆ ಕರೆಸಿಕೊಂಡರು.

ಅದಕ್ಕೆ ಮೊದಲು ಒಂದು ದಿನ ಗುಬ್ಬಿಯ ತಾಯಿ ಮಿಸ್ಸಿನ ಮನೆ ಹುಡುಕಿಕೊಂಡು ಬಂದಿದ್ದಳು. ಮಗಳನ್ನು ತನ್ನೂರಿಗೆ ಕರೆದೊಯ್ಯುತ್ತಿದ್ದಳು. ಮಿಸ್ಸಿನ ಕೈಗಳೆರಡನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. ಗುಬ್ಬಿ ಹಿಂದೆ ನಿಂತಿದ್ದಳು. ಊತ ಇಳಿದಿತ್ತು.

"ಹತ್ರ ಬಾ ಪುಟ್ಟಾ," ಎಂದರು ಮಿಸ್.

ಅವಳು ಅಲ್ಲಿಂದಲೇ ಹೇಳಿದಳು. "ಅಪ್ಪಂಗೆ ಎಡಗಣ್ಣು ಕಾಣಲ್ವಂತೆ ಮಿಸ್."

"ಹೂಂ. ಗೊತ್ತಾಯ್ತು."

"ಬಸ್ಸು ಓಡಿಸೋಕೆ ಆಗಲ್ಲ ಇನ್ನು."

ತಾಯಿ ತಿರುಗಿ ಗದರುವವಳಿದ್ದಳು. ಬೇಡವೆಂದು ಮಿಸ್ ತಲೆಯಾಡಿಸಿದರು.

ಮರಳಿದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಇಬ್ಬರು ಬಂದು ಭುಜ ತಟ್ಟಿದರು. ಒಬ್ಬರು ತಮ್ಮ ಚಹಾದ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಒಂಬತ್ತನೇ ತರಗತಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಮಕ್ಕಳು ಎಂದಿಗಿಂತ ಜೋರಾಗಿ, ಒಟ್ಟಿಗೆ, ನಮಸ್ತೆ ಹೇಳಿದರು. ಮಿಸ್ ಗ್ರಾಫಿನ ಪಾಠ ತೆಗೆದರು. ಅವರು ಬರೆದಷ್ಟನ್ನೂ ಮಕ್ಕಳು ಬರೆದುಕೊಂಡರು. ಯಾರೂ ಪಿಸುಗುಡಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಬೆಂಚುಗಳ ನಡುವೆ ನಡೆಯುತ್ತ ಅವರು ಕ್ಲಾಸ್ ಲೀಡರ್ ಹುಡುಗಿಯ ಬಳಿ ನಿಂತರು. ಅವಳು ಗೆರೆಯನ್ನು ಒಂದು ಚೌಕ ಆಚೆ ಎಳೆದಿದ್ದಳು. ತಪ್ಪಿದ ಜಾಗ ತೋರಿಸಲು ಮಿಸ್ ಕೈಯೆತ್ತಿದರು.

ಹುಡುಗಿ ಕಣ್ಣು ಮುಚ್ಚಿ, ಹೆಗಲು ಕುಗ್ಗಿಸಿ, ಮೊಣಕೈಯನ್ನು ತಲೆಗೆ ಅಡ್ಡ ಹಿಡಿದಳು. ಪಕ್ಕದವಳೂ ತಲೆ ತಗ್ಗಿಸಿದಳು. ಅವಳ ಪಕ್ಕದವಳೂ.

ಮಿಸ್ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದರು. ಬೆಂಚಿನ ತುದಿಯಲ್ಲಿ, ಅಂಗೈ ಮೇಲೆ ಮಾಡಿ, ಬೆರಳು ಬಿಚ್ಚಿ ಇಟ್ಟರು. ಹಾಗೇ ಇಟ್ಟುಕೊಂಡು ನಿಂತರು.