ಐದು ನಿಮಿಷದ ಪೆಟ್ಟಿಗೆ

ಮಗ್ಗಗಳು ಮತ್ತೆ ಶುರುವಾದಾಗ ವಂದನಾ ಹಲ್ಲುಜ್ಜುತ್ತಿದ್ದಳು. ಬಾಯಲ್ಲಿ ನೊರೆ ಇಟ್ಟುಕೊಂಡೇ ಆಲಿಸಿದಳು. ಅರುಣ ಸತ್ತ ದಿನದಿಂದ ನಿಂತಿದ್ದ ಮಗ್ಗಗಳು ಒಂದರ ಹಿಂದೆ ಒಂದು ಲಯ ಹಿಡಿದುಕೊಂಡವು. ಖಟಕ್, ಖಟಕ್. ಬನಹಟ್ಟಿಯ ಈ ಓಣಿಯಲ್ಲಿ ಆ ಸದ್ದು ಕೇಳಿ ಯಾರೂ ತಲೆಯೆತ್ತುವುದಿಲ್ಲ, ನಿಂತರೆ ಎತ್ತುತ್ತಾರೆ. ಗಂಡನ ಮಣ್ಣು ಮುಗಿದಿತ್ತು. ಮೂರನೆಯ ದಿನದ ಹಾಲು-ತುಪ್ಪ ಮುಗಿದಿತ್ತು. ಬೀಗರು ನಿನ್ನೆ ಸಂಜೆಯ ಬಸ್ಸಿಗೆ ಹೋಗಿದ್ದರು. ಇವತ್ತು ಬರೀ ಬುಧವಾರ.

ಬಾಯಿ ಮುಕ್ಕಳಿಸಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ನಿಂತು ಕಾದಳು. ಬರಲಿಲ್ಲ.

ಧಾರವಾಡದಲ್ಲಿ ಅವಳು ಮನಃಶಾಸ್ತ್ರ ಓದಿದ್ದಳು. ದುಃಖಕ್ಕೆ ಹಂತಗಳಿವೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಆ ಹಂತಗಳಲ್ಲಿ ಒಂದೂ ಇನ್ನೂ ಈ ಓಣಿಗೆ ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಸಿದ್ದಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಸಮಾಧಾನ ಹೇಳಲು ಬಂದವಳು, ಹೇಳಿ ಮುಗಿಸಿ, ಈಗ ಮೂಲೆ ನೋಡುತ್ತಿದ್ದಳು.

"ಆ ಕೋಲು ಇನ್ನೂ ಇಲ್ಲೇ ಐತಲ್ಲ, ದಾನಮ್ಮ."

ಮೂಲೆಯಲ್ಲಿ ಅರುಣ ಲಡಾಖಿನಿಂದ ತಂದ ಕೋಲು ನಿಂತಿತ್ತು. ಎದೆಯೆತ್ತರ, ಕಪ್ಪು, ಕೆಳಗೆ ತಿರುಗಿ ಚಪ್ಪಟೆಯಾದದ್ದು. ಮಂಜುಗಡ್ಡೆಯ ಮೇಲೆ ಐಸ್ ಹಾಕಿ ಆಡುವಾಗ ರಬ್ಬರಿನ ಬಿಲ್ಲೆ ಹೊಡೆಯುವ ಕೋಲು. ಒಮ್ಮೆ ದಾನಮ್ಮ ಅದರಿಂದ ನುಗ್ಗೇಕಾಯಿ ಇಳಿಸಿದ್ದಳು. ಈ ರಜೆಯಲ್ಲಿ ಅರುಣ ನಕ್ಕದ್ದು ಆಗ ಮಾತ್ರ.

"ಎರವಿಂದು ಅಂತ ಅರುಣನೇ ಹೇಳಿದ್ದನಲ್ಲ," ಸಿದ್ದಕ್ಕ ಅಂದಳು. "ಸತ್ತವರ ಎರವು ಮನ್ಯಾಗ ಇಟ್ಕೋಬಾರದವ್ವ. ಹೋದಾವನ ಕಾಲು ಹಿಡದು ಜಗ್ಗತೈತಿ."

"ಯುವರಾಜಂದು ಅದು. ಮುಧೋಳದಾಂವ. ಯಾರರ ಹೋಗಿ ಕೊಟ್ಟು ಬರತಾರ."

"ಯಾರರ ಅಂದ್ರ? ಹೆಂಡ್ತಿ ಕೈಲೇ ಮುಟ್ಟಬೇಕು. ತಗೊಂಡಾವ 'ಮುಟ್ಟಿತು' ಅಂತ ಬಾಯಿಬಿಟ್ಟು ಅನಬೇಕು. ಆಗ ಹರೀತೈತಿ."

"ಮೊನ್ನೆ ಮಣ್ಣಾಗೇತಿ, ಇವತ್ತ ಹೆಣ್ಣಮಗಳು ಬಸ್ ಹತ್ತಿದ್ರ ಮಂದಿ ಏನಂದಾರು?"

"ಮಂದಿ ಅಂದ್ರ ನಾನ ಅಲ್ಲೇನ? ನಾ ಏನೂ ಅನ್ನಂಗಿಲ್ಲ ತಗೋ."

"ನಾನ ಹೋಗ್ತೇನ್ರಿ ಅತ್ತಿ," ಎಂದಳು ವಂದನಾ. ಎಷ್ಟು ಬೇಗ ಅಂದಳೆಂದರೆ ಇಬ್ಬರೂ ತಿರುಗಿ ನೋಡಿದರು.

ಮಾವ ಪ್ರಭುಲಿಂಗ ಮಗ್ಗದಿಂದ ಒಂದು ತುಂಡು ಬಿಳಿ ಬಟ್ಟೆ ಕತ್ತರಿಸಿ ತಂದು ಕೋಲಿಗೆ ತುದಿಯಿಂದ ತುದಿಗೆ ಸುತ್ತಿದರು. ನಾಲ್ಕು ದಿನದ ಹಿಂದೆ ಇದೇ ಕೈ ಇದೇ ಬಗೆಯ ಬಟ್ಟೆಯನ್ನು ಇನ್ನೊಬ್ಬನಿಗೆ ಸುತ್ತಿತ್ತು. ಗಂಟು ಕೂಡ ಅದೇ.

ಬಸ್ಸಿನಲ್ಲಿ ಕೋಲು ಸೀಟಿನ ಕೆಳಗೆ ಹಿಡಿಯಲಿಲ್ಲ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ಮೀನ ಹಿಡಿಯಾಕ ಹೊಂಟೀರೇನ್ರಿ ಅಕ್ಕಾರ?" ಕಂಡಕ್ಟರ್ ಕೇಳಿದ.

"ಆಟದ್ದು."

"ಯಾವ ಆಟ?"

"ಬರ್ಫದ ಮ್ಯಾಲೆ ಆಡೂದು."

ಅವನು ಕಿಟಕಿಯಾಚೆಯ ಬಿಸಿಲು ನೋಡಿದ. "ನಮ್ಮ ಕಡೆ ಬರ್ಫ ಅಂದ್ರ ಕಬ್ಬಿನ ಹಾಲಿಗಿ ಹಾಕೂದ ಅಷ್ಟ ರೀ," ಎಂದು ಟಿಕೆಟು ಹರಿದು ಕೊಟ್ಟ.

ಅರುಣನಿಗೂ ಅಷ್ಟೇ ಗೊತ್ತಿತ್ತು, ಫೌಜು ಸೇರುವವರೆಗೆ. ಲಡಾಖಿನಲ್ಲಿ ಯಾರೋ ಅವನ ಕಾಲಿಗೆ ಕಬ್ಬಿಣದ ಅಲಗು ಕಟ್ಟಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನೂಕಿದರು. ಆರು ಚಳಿಗಾಲಗಳಲ್ಲಿ ಅವನು ದುಡ್ಡು ಕೊಟ್ಟು ಆಡಿಸುವ ತಂಡಕ್ಕೆ ಸೇರಿದ. ಯುವರಾಜ ಇನ್ನೊಂದು ತಂಡಕ್ಕೆ. ಊರ ಕಡೆಯ ಇಬ್ಬರೇ, ಎದುರಾಳಿಗಳು, ರಾತ್ರಿ ಒಂದೇ ತಾಟಿನಲ್ಲಿ ಉಣ್ಣುವವರು. ಪಂದ್ಯದ ನಡುವೆ ಅರುಣನ ಕೋಲು ಮುರಿದಾಗ ಯುವರಾಜ ತನ್ನ ಎರಡನೆಯದನ್ನು ಬೇಲಿಯ ಮೇಲಿಂದ ಎಸೆದ. ಸ್ವಲ್ಪ ಹೊತ್ತಿಗೆ ಅರುಣ ಅದೇ ಕೋಲಿನಿಂದ ಅವನ ಮುಂಗೈ ಮುರಿದ.

ಅದರ ವಿಡಿಯೊ ಅವಳ ಫೋನಿನಲ್ಲಿತ್ತು. ದನಿ ಬಂದ್ ಮಾಡಿ ನೋಡುತ್ತಿದ್ದಳು. ಬಿಳಿಯ ನೆಲ, ಅದರ ಮೇಲೆ ಜಾರುವ ದಪ್ಪ ಅಂಗಿಗಳು. ಅವುಗಳಲ್ಲಿ ಒಂದು ಅವಳ ಗಂಡ. ಕೋಲು ಮೇಲೆ ಹೋಗುವುದು ಕಾಣುತ್ತಿರಲಿಲ್ಲ. ಇಳಿದದ್ದು ಮಾತ್ರ ಕಾಣುತ್ತಿತ್ತು. ಎಂಥ ನೇರ, ಎಂಥ ಪೂರ್ಣ! ಇಡೀ ಮೈ ಒಂದೇ ಕಡೆ ಇತ್ತು. ಮನೆಯಲ್ಲಿ ಅವನ ಮೈ ಎಂದೂ ಒಂದೇ ಕಡೆ ಇದ್ದದ್ದಿಲ್ಲ. ಉಣ್ಣುವಾಗ ಕೈ ಇಲ್ಲಿ, ಕಣ್ಣು ಎಲ್ಲೋ. ಪ್ರತಿ ಸಲ ನೋಡಿದಾಗಲೂ ಅವಳ ಉಸಿರು ನಿಲ್ಲುತ್ತಿತ್ತು. ಅದು ಭಯವಲ್ಲ ಎಂದು ಅವಳಿಗೆ ಗೊತ್ತಿತ್ತು.

ಮುಖ ಮಾತ್ರ ಜಾಲರಿಯ ಹಿಂದೆ ಇತ್ತು.

"ಕೋಲು ಜಾರಿತು," ಎಂದು ಅವನು ಶಿಸ್ತು ಸಮಿತಿಗೆ ಹೇಳಿದ. ಅವರು ನಂಬಲಿಲ್ಲ, ಉಳಿದ ಹಂಗಾಮಿಗೆ ಆಟದಿಂದ ಹೊರಹಾಕಿದರು. ರಜೆ ಹಾಕಿ ಮನೆಗೆ ಬಂದ. ಅವಳು ಕೇಳಿದಾಗಲೂ ಅದೇ ಮಾತು, ಅದೇ ದನಿ: "ಕೋಲು ಜಾರಿತು." ಹೆಂಡತಿಗೂ ಸಮಿತಿಗೂ ಒಂದೇ ಉತ್ತರ.

ಕಿಟಕಿಯಲ್ಲಿ ಆ ಜಾಗ ಹಾದುಹೋಯಿತು. ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಹೊಕ್ಕ ಜಾಗ. ನೇರ ರಸ್ತೆ. ನಡುಮಧ್ಯಾಹ್ನ ಆದದ್ದು. ಎರಡು ಟ್ರೇಲರು ಕಬ್ಬು ಹೇರಿದ ಟ್ರ್ಯಾಕ್ಟರು ಒಂದು ಹರದಾರಿಯಿಂದ ಕಾಣುತ್ತದೆ. ಈಗ ಅಲ್ಲಿ ಕಬ್ಬಿನ ಒಣ ರವದಿ ಬಿದ್ದಿತ್ತು, ಅಷ್ಟೇ. ಅವನು ಬೇಕೆಂದೇ ಹೊಡೆಯುವಂಥವನೋ ಅಲ್ಲವೋ ತಿಳಿಯದೆ, ಕಳೆದುಕೊಂಡದ್ದು ಯಾರನ್ನೆಂದು ತಿಳಿಯದೆ, ಹೇಗೆ ಅಳುವುದು?

ಯುವರಾಜನ ಮನೆ ಮುಧೋಳದ ಅಂಚಿನಲ್ಲಿತ್ತು. ಅಂಗಳದಲ್ಲಿ ಬೇಟೆನಾಯಿಗಳು, ಹೊಟ್ಟೆ ಬೆನ್ನಿಗಂಟಿದವು, ಒಂದೂ ಬೊಗಳಲಿಲ್ಲ. ಗೋಡೆಗೆ ಹೊಂದಿಕೊಂಡು ಕಬ್ಬಿಣದ ಪಂಜರ. ಬಾಗಿಲು ತೆರೆದಿತ್ತು. ಒಳಗೆ ಒಂದು ಹೆಣ್ಣುನಾಯಿ ನೆಟ್ಟಗೆ ಕೂತಿತ್ತು.

"ಬರ್ರಿ ವೈನಿ," ಎಂದು ಯುವರಾಜ ಎದ್ದ. ಬಲಗೈಯನ್ನು ಮೈಗೆ ಒತ್ತಿ ಹಿಡಿದಿದ್ದ. "ನಾ ಮಣ್ಣಿಗಿ ಬರಲಿಲ್ಲ. ಬಂದ್ರ ಮಂದಿ ಈ ಕೈ ನೋಡತಿದ್ರು. ಅವನ್ನ ನೋಡತಿದ್ದಿಲ್ಲ."

ಅವನ ತಾಯಿ ತಾರವ್ವ ನೀರು ತಂದಿಟ್ಟಳು. ಬಿಳಿ ಬಟ್ಟೆ ಸುತ್ತಿದ್ದನ್ನು ನೋಡಿ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು.

"ಅದಕ್ಕೇನಾಗೇತಿ?" ವಂದನಾ ಪಂಜರದ ಕಡೆ ನೋಡಿ ಕೇಳಿದಳು. ಮೊದಲು ಕೇಳಬೇಕಾದ್ದು ಅದಲ್ಲ.

"ಬಿಜಲಿಗೇನ್ರಿ? ಬಾಜೂಮನಿ ಹುಲೆಪ್ಪನ ಆಡಿನ ಮರಿ ಹಿಡದು ಬಿಸಾಕಿತು. ತಿನ್ನಾಕಲ್ಲ, ಸುಮ್ನ. ಎರಡ ದಿನ ಕೂಡಿಹಾಕಿದೆ. ಮುಂಜಾನಿ ಬಾಗಲಾ ತಗದೇನಿ, ಹೊರಗ ಬರವಲ್ಲದು."

"ಹೆದರೇತೇನೋ."

"ಇದು? ಹೆದರೂ ಜಾತಿ ಅಲ್ರೀ."

ಅವಳು ಗ್ಲಾಸಿನ ನೀರು ನೋಡುತ್ತ ಕೂತಳು. ಆಮೇಲೆ, "ಕೋಲು ಜಾರಿತೋ, ಅವರು ಹೊಡದರೋ? ಅಷ್ಟ ಹೇಳ್ರಿ," ಎಂದಳು.

"ಹೋದಾವ ಹೋದ. ಈಗ್ಯಾಕ ಬಿಡ್ರಿ."

"ಯಾರು ಹೋದ್ರು ಅಂತ ನನಗ ಗೊತ್ತಾಗಬೇಕಲ್ಲ, ಯುವರಾಜಣ್ಣ."

ಅವನು ತನ್ನ ಕೈಯ ಕಡೆ ನೋಡಿದ, ಅದು ಇನ್ನೊಬ್ಬರದು ಎಂಬಂತೆ.

"ಹೊಡದ. ಬಿಲ್ಲೆ ನನ್ನ ಹಂತೇಕ ಇರಲೇ ಇಲ್ಲ. ಕಣ್ಣಾಗ ಕಣ್ಣಿಟ್ಟು ಹೊಡದ." ಅವನ ದನಿ ತಗ್ಗಿತು. "ಆದ್ರ ಏನ ಹೊಡತರೀ ವೈನಿ ಅದು! ಎಲುಬು ಮುರದದ್ದು ಆಮ್ಯಾಲೆ ಗೊತ್ತಾತು. ಮೊದಲ ನನಗ ಕೈಮುಗೀಬೇಕು ಅನಿಸ್ತು. ಖರೇನ ಹೇಳ್ತೇನಿ. ಬಿಜಲಿ ಮೊಲದ ಮ್ಯಾಲೆ ಹೋಗೂದು ನೋಡೀರೇನ? ಹಂಗ. ಸಿಟ್ಟಿಲ್ಲ, ಹೊಟ್ಟಿಕಿಚ್ಚಿಲ್ಲ. ಸುಮ್ನ ಬಂತು, ಬಿತ್ತು."

ಅವನ ಮುಖದಲ್ಲಿ ಗುಡಿಯಿಂದ ಹೊರಬಂದವರ ಬೆರಗಿತ್ತು. ತನ್ನ ಮುಖದಲ್ಲೂ ಅದೇ ಇದೆ ಎಂದು ವಂದನಾಗೆ ಅನ್ನಿಸಿತು. ತಲೆ ತಗ್ಗಿಸಿದಳು.

"ಯಾಕ?"

"ದವಾಖಾನ್ಯಾಗ ನಾನೂ ಕೇಳಿದೆ. ನಮ್ಮ ಆಟದಾಗ ತಪ್ಪ ಮಾಡಿದಾಂವನ್ನ ಗಾಜಿನ ಪೆಟ್ಟಿಗ್ಯಾಗ ಕುಂಡ್ರಸ್ತಾರ. ಸಣ್ಣ ತಪ್ಪಿಗಿ ಎರಡ ನಿಮಿಷ, ದೊಡ್ಡದಕ್ಕ ಐದು. ಎಲ್ಲಾ ಕಾಣತೈತಿ, ಆದ್ರ ಯಾರೂ ಮಾತಾಡ್ಸಂಗಿಲ್ಲ, ಯಾರೂ ಏನೂ ಕೇಳಂಗಿಲ್ಲ. ಅಲ್ಲಿ ಕುಂಡ್ರಬೇಕಿತ್ತಂತ ಅವಂಗ. 'ಎರಡ ನಿಮಿಷ ಸಾಲೂದಿಲ್ಲೋ ಯುವರಾಜ' ಅಂದ. ನಕ್ಕೋತ ಅಂದ ರೀ. ನಾನೂ ನಕ್ಕೆ."

"ಐದು ಸಿಕ್ಕಿತೇನು?"

"ಸಿಕ್ಕಿತು. ನನ್ನ ಹೊರಗ ಒಯ್ಯೂ ಮುಂದ ನೋಡಿದೆ, ಗಾಜಿನಾಚೆ ನಿರಾಳ ಕುಂತಿದ್ದ. ಸಮಿತಿಯವರು ಅಷ್ಟಕ್ಕ ಬಿಡಲಿಲ್ಲ ನೋಡ್ರಿ, ಮನಿಗಿ ಕಳಿಸಿದ್ರು. ಆ ಶಿಕ್ಷೆ ಮಾತ್ರ ಅವಂಗ..."

ಯುವರಾಜ ನಿಲ್ಲಿಸಿದ. ಎದುರಿಗೆ ಕೂತವಳು ಯಾರೆಂದು ಆಗ ನೆನಪಾಗಿರಬೇಕು. "ಬಿಸಲು ಭಾಳ ಐತಿ," ಎಂದ. "ನೀರು ಕುಡೀರಿ."

ಅವಳು ಕುಡಿದಳು.

ಮಣ್ಣು ಮಾಡುವಾಗ ಗುಣಿಯ ಒಂದು ಬದಿಗೆ ಗೂಡು ಕಡಿದು ಅರುಣನನ್ನು ಅದರಲ್ಲಿ ಕೂರಿಸಿದ್ದರು, ಅವರ ಮನೆತನದಲ್ಲಿ ಎಲ್ಲರನ್ನೂ ಕೂರಿಸುವಂತೆ. ಕಾಲು ಮಡಚಿ, ಬೆನ್ನು ಮಣ್ಣಿಗೆ ಆನಿಸಿ, ಹಣೆತುಂಬ ವಿಭೂತಿ. ಅಂಗೈಯಲ್ಲಿ ಲಿಂಗ. ಗೂಡಿನ ಬಾಯಿ ಮುಚ್ಚುವ ಮೊದಲು ಮಾವ ಅವಳನ್ನು ಕರೆದು ತೋರಿಸಿದ್ದರು. ಮುಖದಲ್ಲಿ ಯಾವ ಅವಸರವೂ ಇರಲಿಲ್ಲ. ಯಾರೋ ಕೊನೆಗೂ ಅವನು ಕೇಳಿದ್ದನ್ನು ಅವನಿಗೆ ಕೊಟ್ಟಿದ್ದರು. ಸಾವು ಇಷ್ಟು ದೊಡ್ಡದೇ ಎಂದು ಅವಳು ಬೆರಗಾಗಿ ನಿಂತಿದ್ದಳು. ಹೆಂಗಸರು ಅವಳನ್ನು ಅಳಿಸಲು ಬೆನ್ನು ಗುದ್ದಿದ್ದರು.

ಅದು ಸಾವಿನ ಮುಖವೆಂದು ತಿಳಿದದ್ದು ತಪ್ಪು. ಯುವರಾಜ ಅದನ್ನು ಮೊದಲೇ ನೋಡಿದ್ದ, ಗಾಜಿನಾಚೆ.

ಅವಳು ಎದ್ದಳು. ಗಂಟು ಬಿಚ್ಚಿ ಬಟ್ಟೆ ಕಳಚಿದಳು. ಕಪ್ಪು ಕೋಲು ಬಿಸಿಲಿಗೆ ಮಿಂಚಿತು. ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಎರವು ತಂದೇನಿ."

ಯುವರಾಜ ಅಭ್ಯಾಸದಿಂದ ಬಲಗೈ ಚಾಚಿದ. ಬೆರಳುಗಳು ಕೋಲಿನ ಮೇಲೆ ಕೂತವು, ಮುಚ್ಚಲಿಲ್ಲ. ಅವನು ಅವುಗಳನ್ನೇ ನೋಡುತ್ತ ನಿಂತ. ಅವಳು ಕೈ ಬಿಡಲಿಲ್ಲ, ಬಿಟ್ಟರೆ ಬೀಳುತ್ತಿತ್ತು.

"ಮುಟ್ಟಿತು ಅನ್ರಿ."

"ಮುಟ್ತು ವೈನಿ," ಎಂದ. "ಅಲ್ಲೇ ಎಲ್ಯರ ಆನಸ್ರಿ."

ಆನಿಸಲು ಪಂಜರವೇ ಹತ್ತಿರವಿತ್ತು. ತೆರೆದ ಬಾಗಿಲಿಗೆ ಕೋಲನ್ನು ಒರಗಿಸಿದಳು. ಬಾಗಿಲು ಒಂದಿಷ್ಟು ಕಿರುಗುಟ್ಟಿ ಹೊರಳಿತು. ಬಿಜಲಿ ಆ ಕಡೆ ನೋಡಲಿಲ್ಲ. ಅದು ಬೆನ್ನು ಗೋಡೆಗೆ ಹಚ್ಚಿ, ಮುಂಗಾಲು ಜೋಡಿಸಿ, ನೇರ ಎದುರಿಗೆ ನೋಡುತ್ತ ಕೂತಿತ್ತು.

ಬಟ್ಟೆಯನ್ನು ಕೈಯಲ್ಲಿ ಮಡಚುತ್ತ ವಂದನಾ ಬಗ್ಗಿ ಒಳಗೆ ನೋಡಿದಳು. ನಾಯಿ ಒಂದು ಬದಿಗೆ ಸರಿದೇ ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.